ಡೆಮರೇಜ್: ನಿಂತ ಹಡಗಿನ ಬೆಲೆ

ರೈಲ್ವೆಯ ಗೂಡ್ಸ್ ಶೆಡ್ಡಿನೊಡನೆ ವ್ಯವಹರಿಸಿದ ನಮ್ಮ ವರ್ತಕರಿಗೆ ‘ಡೆಮರೇಜ್’ ಎಂಬ ಶಬ್ದವು ಅಪರಿಚಿತವಲ್ಲ. ನಿಯಮಿತ ವೇಳೆಯೊಳಗೆ ವ್ಯಾಗನ್ನನ್ನು ಬರಿದು ಮಾಡದಿದ್ದರೆ ತೆರಬೇಕಾದ ಹಣವದು. ಆದರೆ ಈ ಶುಲ್ಕದ ಉಗ್ರರೂಪವನ್ನು ಕಾಣಬೇಕಾದರೆ ಕಡಲ ದಂಡೆಗೇ ಹೋಗಬೇಕು.

ಒಂದು ಯಾನಕ್ಕೆಂದು ಹಡಗನ್ನು ಬಾಡಿಗೆಗೆ ಪಡೆಯುವಾಗ, ಸರಕನ್ನು ಏರಿಸಲು ಮತ್ತು ಇಳಿಸಲು ಇಂತಿಷ್ಟು ಕಾಲವೆಂದು ಕರಾರಿನಲ್ಲಿ ಬರೆಯುತ್ತಾರೆ. ಆ ಕಾಲದ ಬೆಲೆಯು ಬಾಡಿಗೆಯಲ್ಲಿಯೇ ಅಡಕವಾಗಿರುತ್ತದೆ. ಹಡಗು ಸಿದ್ಧವಾಗಿದೆಯೆಂದು ಕಪ್ತಾನನು ಸೂಚನಾಪತ್ರವನ್ನಿತ್ತ ಮೇಲೆ, ಷರತ್ತಿಗನುಸಾರವಾಗಿ ಗಣನೆಯು ಆರಂಭವಾಗುತ್ತದೆ. ಅವಧಿ ಮೀರಿದರೆ ದಿನವೊಂದಕ್ಕೆ ಮೊದಲೇ ಗೊತ್ತುಪಡಿಸಿದ ಪರಿಹಾರವನ್ನು ಬಾಡಿಗೆದಾರನು ಕೊಡತಕ್ಕದ್ದು. ಬೇಗ ಮುಗಿಸಿದವನಿಗೆ ಕೆಲವು ಕರಾರುಗಳಲ್ಲಿ ಇನಾಮೂ ಉಂಟು; ಸಾಮಾನ್ಯವಾಗಿ ಅದು ಡೆಮರೇಜಿನ ಅರ್ಧದಷ್ಟು. ಭಾನುವಾರಗಳನ್ನೂ ಮಳೆಯಿಂದ ಕೆಲಸ ನಿಂತ ದಿನಗಳನ್ನೂ ಅವಧಿಯಿಂದ ಕಳೆಯುವ ವಾಡಿಕೆಯಿದೆಯಾದರೂ, ಒಮ್ಮೆ ಡೆಮರೇಜ್ ಹತ್ತಿತೆಂದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಯಾವ ರಿಯಾಯಿತಿಯೂ ಇಲ್ಲ.

ಪರಿಹಾರವು ಮೊದಲೇ ಗೊತ್ತಾಗಿರುವುದರಿಂದ ಜಗಳ ಕಡಿಮೆಯೇನೋ ನಿಜ. ಹಡಗಿನೊಡೆಯನಿಗೆ ಅದೇ ಕೈಕಟ್ಟೂ ಆಗಬಲ್ಲುದು. 1956ರ ಕೊನೆಯಲ್ಲಿ, ಸೂಯೆಜ್ ಕಾಲುವೆ ಮುಚ್ಚಿ ಬಾಡಿಗೆಗಳು ಏರಿದ್ದಾಗ, ಸ್ವಿಸ್ ಕಂಪನಿಯೊಂದು ಅಮೆರಿಕದಿಂದ ಯುರೋಪಿಗೆ ಕಲ್ಲಿದ್ದಲು ಸಾಗಿಸಲು ತನ್ನ ಹಡಗನ್ನು ಎರಡು ವರ್ಷಗಳ ಮಟ್ಟಿಗೆ ಒಪ್ಪಿಸಿತು. ಡೆಮರೇಜ್ ದಿನಕ್ಕೆ 1,000 ಡಾಲರ್. ಏರಿಸುವಲ್ಲಿಯೂ ಇಳಿಸುವಲ್ಲಿಯೂ ವಿಳಂಬವಾಗಿ, ನಡೆದ ಯಾನಗಳು ಎಂಟು ಮಾತ್ರ. ಇನ್ನಾರು ಯಾನಗಳಾದರೂ ಸಾಧ್ಯವಿದ್ದವೆಂದು ಕಂಪನಿಯು ನಷ್ಟವನ್ನು ಕೇಳಿತು. ಡೆಮರೇಜನ್ನು ಮೀರಿ ಏನೂ ದೊರೆಯದೆಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1966ರಲ್ಲಿ ತೀರ್ಪಿತ್ತಿತು. ನ್ಯಾಯವು ಕಠಿಣವೆನಿಸಬಹುದು, ಆದರೆ ಸಹಿ ಹಾಕಿದ ದರವು ಅವರದೇ ಅಲ್ಲವೇ?

ಇದಕ್ಕೆ ತೀರ ವಿಪರೀತವಾದುದು ನೈಜೀರಿಯದ ಕಥೆ. ತೈಲದ ಹಣ ಹರಿದುಬರುತ್ತಿದ್ದ ಆ ದೇಶವು 1975ರ ಹೊತ್ತಿಗೆ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಬೇಡಿಕೆ ಸಲ್ಲಿಸಿತ್ತು. ಬಹುಪಾಲು ರಕ್ಷಣಾ ಸಚಿವಾಲಯದ ಪರವಾಗಿ. ಲಾಗೋಸ್ ಬಂದರು ವರ್ಷಕ್ಕೆ ಇಳಿಸಿಕೊಳ್ಳಬಲ್ಲುದು ಸುಮಾರು 10 ಲಕ್ಷ ಟನ್! ನೂರಾರು ಹಡಗುಗಳು ಬಂದರಿನ ಹೊರಗೆ ಲಂಗರು ಹಾಕಿ ನಿಂತವು. ಸಿಮೆಂಟಾದರೋ ತೇವಕ್ಕೆ ಗಟ್ಟಿಯಾಗುವ ವಸ್ತು, ತಿಂಗಳುಗಟ್ಟಲೆ ಹಡಗಿನ ಒಡಲಲ್ಲಿ ಇಡತಕ್ಕದ್ದಲ್ಲ. ನಿಂತಷ್ಟು ದಿನವೂ ಡೆಮರೇಜ್ ಏರುತ್ತಿತ್ತು. ಅದನ್ನೇ ಸಂಪಾದನೆಯಾಗಿಸಿಕೊಳ್ಳಲು ಹಳೆಯ ಹಡಗುಗಳನ್ನು ಕಳುಹಿಸಿದವರಿದ್ದರೆಂಬ ಆರೋಪವೂ ಕೇಳಿಬಂತು.

ಆ ವರ್ಷದ ಜುಲೈನಲ್ಲಿ ಜನರಲ್ ಗೋವಾನರ ಸರಕಾರ ಉರುಳಿತು. ಹೊಸ ಸರಕಾರವು ಹಣ ಪಾವತಿಗೆ ತಡೆ ಹಾಕಿತು. ಸಿಮೆಂಟಿನ ಬೆಲೆಗೂ ಡೆಮರೇಜಿಗೂ ಭರವಸೆಯ ಪತ್ರ ಪಡೆದಿದ್ದ ಟ್ರೆಂಡ್‌ಟೆಕ್ಸ್ ಎಂಬ ಸ್ವಿಸ್ ಕಂಪನಿಯು ಲಂಡನ್ನಿನಲ್ಲಿ ದಾವೆ ಹೂಡಿದಾಗ, ನೈಜೀರಿಯದ ಕೇಂದ್ರ ಬ್ಯಾಂಕು ತಾನು ಸಾರ್ವಭೌಮ ರಾಜ್ಯದ ಅಂಗವೆಂದೂ, ತನ್ನ ಮೇಲೆ ವ್ಯಾಜ್ಯ ಸಲ್ಲದೆಂದೂ ವಾದಿಸಿತು. 1977ರಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಅವರ ಸಹ ನ್ಯಾಯಾಧೀಶರು ಆ ರಕ್ಷಣೆಯನ್ನು ನಿರಾಕರಿಸಿದರು.