ಮಿಲಿಟರಿ ದಫ್ತರದಲ್ಲಿ ನಿಮ್ಮ ಹೆಸರು ಸರಿಯಾಗಿದೆಯೆ?

ನಮ್ಮ ಚಿಗವ್ವನ ಮನೆ ಬಾದಾಮಿ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಬನಶಂಕರಿ ಜಾತ್ರೆಗೆ ಹೋದಾಗಲೆಲ್ಲ ನಾವು ಇಳಿದುಕೊಳ್ಳುವುದು ಅಲ್ಲಿಯೇ. ಅವಳ ಪಡಸಾಲೆಯ ಮೂಲೆಯಲ್ಲಿ ಒಂದು ಕಪ್ಪು ಟ್ರಂಕು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಕಾಕಾ ಅವರ ನಂಬರು ಮತ್ತು ಹೆಸರು. ಕಾಕಾ 1964ರಲ್ಲಿ ಮಿಲಿಟರಿ ಸೇರಿ, 17 ವರ್ಷ ನೌಕರಿ ಮಾಡಿ, 1981ರಲ್ಲಿ ಪೆನ್ಶನ್ ಮೇಲೆ ಊರಿಗೆ ಬಂದವರು. ಆ ಟ್ರಂಕಿನ ಕೀಲಿ ಯಾವಾಗಲೂ ಅವರ ಜನಿವಾರದಷ್ಟೇ ಹತ್ತಿರ, ಉಡದಾರದಲ್ಲಿ ಇರುತ್ತಿತ್ತು. ಒಳಗೆ ಏನಿದೆ ಎಂದು ಚಿಗವ್ವ ಕೇಳಲಿಲ್ಲ, ಅವರು ಹೇಳಲಿಲ್ಲ.

2016ರಲ್ಲಿ ಕಾಕಾ ತೀರಿಕೊಂಡರು. ದಿನಕರ್ಮ ಮುಗಿಸಿ ಕುಟುಂಬ ಪೆನ್ಶನ್ನಿಗೆ ಅರ್ಜಿ ಹಾಕಿದರೆ ಕಾಗದ ವಾಪಸು ಬಂತು. ದಾಖಲೆಯಲ್ಲಿ ಬರೆದಿದ್ದ ಹೆಂಡತಿಯ ಹೆಸರು ಒಂದು, ಚಿಗವ್ವನ ಆಧಾರ್ ಕಾರ್ಡಿನಲ್ಲಿದ್ದ ಹೆಸರು ಇನ್ನೊಂದು!

"ನಲವತ್ತೆಂಟು ವರ್ಷ ಬಾಳೇವು ಮಾಡೇನಿ ಯವ್ವಾ. ಈಗ ನಾ ಯಾರ ಹೆಂಡ್ತಿ ಅನ್ನೂದನ್ನ ಕಾಗದಾ ತೋರ್ಸಿ ಹೇಳ್ಬೇಕಂತ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಪ್ಪು ಯಾರದು? ನಿಜವಾಗಿ ನೋಡಿದರೆ ಯಾರದೂ ಅಲ್ಲ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ತವರಿನ ನೀಲವ್ವ ಅತ್ತೆಮನೆಯಲ್ಲಿ ಶಾರದಾ ಆಗುತ್ತಾಳೆ. ರಜೆ ಮುಗಿಸಿ ಹೋದ ಗಂಡ ಅಲ್ಲಿ ಹೊಸ ಹೆಸರನ್ನೇ ಬರೆಸಿರುತ್ತಾನೆ. ಇಲ್ಲಿ ರೇಶನ್ ಕಾರ್ಡು, ಮತದಾರರ ಪಟ್ಟಿ, ಆಧಾರ್ ಎಲ್ಲ ಹಳೆಯ ಹೆಸರಿನಲ್ಲೇ ಆಗಿರುತ್ತವೆ. ಎರಡೂ ನಿಜವೇ. ಆದರೆ ಕಚೇರಿಯ ಕಣ್ಣಿಗೆ ಅವರಿಬ್ಬರು ಹೆಂಗಸರು!

ಬಾಗಲಕೋಟೆ, ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ನಿವೃತ್ತ ಸೈನಿಕರ ಮನೆಗಳು ಇವೆ. ಆ ಮನೆಗಳ ಗೃಹಿಣಿಯರು ಒಂದು ಮಾತು ತಿಳಿದಿರಬೇಕು: ದಾಖಲೆಯ ತಪ್ಪನ್ನು ಮನೆಯವರು ಇರುವಾಗ ತಿದ್ದಿಸುವುದು ಸುಲಭ, ಅವರು ಹೋದ ಮೇಲೆ ಬಹಳ ಕಷ್ಟ.

ಎಲ್ಲೆಲ್ಲಿ ತಪ್ಪಿರುತ್ತದೆ?

ಹೆಸರಿನ ಮಾತು ಹೇಳಿದ್ದಾಯಿತು. ಎರಡನೆಯದು ಊರು. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಅರವತ್ತರ ದಶಕದಲ್ಲಿ ಸೇರಿದವರ ಕಾಗದದಲ್ಲಿ 'ಜಿಲ್ಲಾ ಬಿಜಾಪುರ, ಮೈಸೂರು ರಾಜ್ಯ' ಎಂದೇ ಇರುತ್ತದೆ. ಆ ಬಿಜಾಪುರವೂ 2014ರಿಂದ ವಿಜಯಪುರ ಆಗಿದೆ. ಇನ್ನು ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ಪಾಡೇನು! ವಿಳಾಸ ಬದಲಾಯಿತು, ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಎಷ್ಟೋ ಮನೆಯ ಹಳೆಯ ಕಾಗದಗಳೂ ಕಳೆದವು.

ಮೂರನೆಯದು ಹುಟ್ಟಿದ ತಾರೀಖು. "ಸೀಗಿ ಹುಣ್ಣಿವಿ ಮುಂದ ಹುಟ್ಟಿದ್ದು" ಎಂದರೆ ಕಚೇರಿಯವರು ಒಪ್ಪುತ್ತಾರೆಯೆ? ಹೆಂಡತಿಯ ಜನ್ಮ ದಿನಾಂಕದ ಜಾಗ ಹಳೆಯ ದಾಖಲೆಗಳಲ್ಲಿ ಖಾಲಿ ಇರುವುದುಂಟು, ಇಲ್ಲವೆ ಬರೀ 'ವಯಸ್ಸು 19' ಎಂದು ಇರುವುದುಂಟು. ಇದರಿಂದ ಏನು ನಷ್ಟ ಎನ್ನುತ್ತೀರಾ? ಕೇಳಿ. ಪೆನ್ಶನ್ ಪಡೆಯುವವರಿಗೆ, ಕುಟುಂಬ ಪೆನ್ಶನ್ ಪಡೆಯುವ ವಿಧವೆಗೆ ಕೂಡ, 80 ತುಂಬಿದರೆ ಮೂಲ ಪೆನ್ಶನ್ನಿನ ಶೇಕಡಾ 20 ಹೆಚ್ಚು ಸಿಗುತ್ತದೆ. 85ಕ್ಕೆ ಶೇಕಡಾ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ದುಪ್ಪಟ್ಟು. ಮೂಲ ಪೆನ್ಶನ್ 9,000 ರೂಪಾಯಿ ಎಂದಿಟ್ಟುಕೊಂಡರೂ 80 ದಾಟಿದವರಿಗೆ ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ ಆಯಿತು. ತುಟ್ಟಿಭತ್ಯೆ ಬೇರೆ. ತಾರೀಖು ದಾಖಲೆಯಲ್ಲಿ ಇಲ್ಲದಿದ್ದರೆ ನಿಮಗೆ 80 ಆಯಿತೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ನಾಲ್ಕನೆಯದು ಮಕ್ಕಳು. ಅದರಲ್ಲೂ ಅಂಗವಿಕಲ ಮಗು ಇದ್ದರೆ ಅದರ ಹೆಸರು ದಾಖಲೆಯಲ್ಲಿ ಇರಲೇಬೇಕು. ತಂದೆತಾಯಿ ಇಬ್ಬರೂ ಹೋದ ಮೇಲೆ ದುಡಿದು ತಿನ್ನಲಾರದ ಅಂಥ ಮಗುವಿಗೆ ಜೀವನಪರ್ಯಂತ ಕುಟುಂಬ ಪೆನ್ಶನ್ ಕೊಡುವ ನಿಯಮವಿದೆ. "ನನ್ನ ಹಿಂದ ಇದನ್ನ ಯಾರ ನೋಡ್ತಾರ" ಎಂದು ಕೊರಗುವ ತಾಯಂದಿರು ಇದನ್ನು ಮರೆಯಬಾರದು.

ದಾಖಲೆ ಇರುವುದೆಲ್ಲಿ?

ಪ್ರತಿಯೊಂದು ಪಲ್ಟಣಿಗೂ ತನ್ನದೇ ಒಂದು ರೆಕಾರ್ಡ್ ಆಫೀಸು ಇರುತ್ತದೆ. ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಇದ್ದವರದು ಬೆಳಗಾವಿಯಲ್ಲಿ, ಮದ್ರಾಸ್ ಇಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ. ಸೈನಿಕ ಸೇರಿದ ದಿನದಿಂದ ಹಿಡಿದು ಮದುವೆ, ಮಕ್ಕಳು, ಬಡ್ತಿ, ಗಾಯ, ಪದಕ ಎಲ್ಲವೂ ಅಲ್ಲಿ ನಮೂದಾಗುತ್ತವೆ. ಮದುವೆ ಆದದ್ದು, ಮಗು ಹುಟ್ಟಿದ್ದು ದಾಖಲಾಗುವ ಆದೇಶಕ್ಕೆ 'ಪಾರ್ಟ್ ಟೂ ಆರ್ಡರ್' ಎನ್ನುತ್ತಾರೆ. ಊರಿಗೆ ಬರುವಾಗ ಕೈಗೆ ಕೊಡುವುದು ಡಿಸ್‌ಚಾರ್ಜ್ ಬುಕ್. ಪೆನ್ಶನ್ ಮಂಜೂರಾದ ಪತ್ರಕ್ಕೆ ಪಿ.ಪಿ.ಓ. ಎಂದು ಹೆಸರು. ಅದು ಪ್ರಯಾಗರಾಜದ, ಅಂದರೆ ಹಿಂದಿನ ಅಲಹಾಬಾದಿನ, ರಕ್ಷಣಾ ಪೆನ್ಶನ್ ಕಚೇರಿಯಿಂದ ಬರುತ್ತದೆ.

ಈ ಮೂರು ಕಡೆಯೂ ನಿಮ್ಮ ಹೆಸರು, ನಿಮ್ಮ ಜನ್ಮ ದಿನಾಂಕ ಒಂದೇ ರೀತಿ ಇರಬೇಕು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೂ ಹೊಂದಬೇಕು.

ತಿದ್ದಿಸುವುದು ಹೇಗೆ?

ಇಳಕಲ್ಲ ಸೀರೆ ನೇಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೂ ಅಲ್ಲಿ ಕಿಂಡಿ ಬೀಳುತ್ತದೆ. ನಿಮ್ಮ ಎರಡು ಹೆಸರುಗಳಿಗೂ ಹೀಗೆಯೇ ಕೊಂಡಿ ಹಾಕಬೇಕು.

ಆ ಕೊಂಡಿಯೇ ಅಫಿಡವಿಟ್. 'ತವರಿನ ನೀಲವ್ವ ಮತ್ತು ಗಂಡನ ಮನೆಯ ಶಾರದಾ ಇಬ್ಬರೂ ಒಬ್ಬಳೇ' ಎಂದು ಛಾಪಾ ಕಾಗದದ ಮೇಲೆ ಬರೆಸಿ, ಪ್ರಮಾಣ ಮಾಡಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವುದು. ಅದರ ಜೊತೆಗೆ ಇವಿಷ್ಟನ್ನು ಕೂಡಿಸಿಡಿ:

ಡಿಸ್‌ಚಾರ್ಜ್ ಬುಕ್ ಮತ್ತು ಪಿ.ಪಿ.ಓ. ಪ್ರತಿ, ಇಬ್ಬರ ಆಧಾರ್ ಮತ್ತು ಪಾನ್ ಕಾರ್ಡಿನ ಪ್ರತಿ, ಮದುವೆ ನೋಂದಣಿ ಪತ್ರ, ಶಾಲೆ ಕಲಿತಿದ್ದರೆ ಶಾಲೆಯ ದಾಖಲೆ, ಗಂಡಹೆಂಡತಿ ಕೂಡಿ ತೆಗೆಸಿದ ಜಂಟಿ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಹಾಳೆ. ಹೆಸರೇ ಪೂರ್ತಿ ಬೇರೆಯಾಗಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೇಳಬಹುದು.

ಇವನ್ನು ತೆಗೆದುಕೊಂಡು ಮೊದಲು ಬಾಗಲಕೋಟೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ನೆರವಾಗುವುದೇ ಆ ಇಲಾಖೆಯ ಕೆಲಸ. ಅರ್ಜಿ ಬರೆಯುವುದು ಹೇಗೆ, ಯಾವ ರೆಕಾರ್ಡ್ ಆಫೀಸಿಗೆ ಕಳಿಸಬೇಕು ಎನ್ನುವುದನ್ನು ಅಲ್ಲಿ ಕೇಳಿ ತಿಳಿದುಕೊಳ್ಳಬಹುದು. "ನಾ ಮಾಡಿಸಿ ಕೊಡ್ತೀನಿ, ಇಷ್ಟ ರೊಕ್ಕಾ ಕೊಡ್ರಿ" ಎನ್ನುವ ಮಧ್ಯಸ್ಥರನ್ನು ಹೊಸ್ತಿಲ ಒಳಗೆ ಬಿಡಬೇಡಿ.

2021ರಿಂದ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಸೈನಿಕ ಪೆನ್ಶನ್ನುಗಳು ಈಗ ಅದರ ಮೂಲಕ ನಡೆಯುತ್ತವೆ. ನಿಮ್ಮ ವಿವರ ಅಲ್ಲಿ ಹೇಗೆ ದಾಖಲಾಗಿದೆ ಎಂದು ಮೊಬೈಲಿನಲ್ಲಿ ಮಕ್ಕಳಿಂದ ನೋಡಿಸಿ. ಇಲ್ಲವೆ ಹತ್ತಿರದ ಕಾಮನ್ ಸರ್ವೀಸ್ ಸೆಂಟರಿನಲ್ಲಿ ಕೇಳಿ.

ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. ಕಳಿಸಿದ ಪ್ರತಿಯೊಂದು ಕಾಗದದ ಒಂದು ನಕಲು ಮನೆಯಲ್ಲಿರಲಿ. ಉತ್ತರವೇ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ 'ನನ್ನ ಅರ್ಜಿ ಏನಾಯಿತು?' ಎಂದು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಎಲ್ಲ ದಾರಿ ಮುಚ್ಚಿದಾಗ ಸೈನಿಕರಿಗಾಗಿಯೇ 2007ರ ಕಾಯ್ದೆಯಿಂದ ಆದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆದರೆ ಹೆಸರಿನ ಒಂದಕ್ಷರಕ್ಕಾಗಿ ಅಷ್ಟು ದೂರ ಹೋಗುವ ಪ್ರಸಂಗ ಯಾರಿಗೂ ಬಾರದಿರಲಿ.

ಒಂದು ಶಬ್ದದ ಬೆಲೆ

ನೌಕರಿಯಲ್ಲಿರುವಾಗಲೇ ಗಂಡ ತೀರಿಕೊಂಡ ಹೆಣ್ಣುಮಕ್ಕಳು ಇನ್ನೊಂದನ್ನು ನೋಡಬೇಕು. ಸಾವಿನ ಕಾರಣವನ್ನು ದಾಖಲೆಯಲ್ಲಿ ಏನೆಂದು ಬರೆದಿದ್ದಾರೆ? ಸೇವೆಗೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯ ಕುಟುಂಬ ಪೆನ್ಶನ್, ಕೊನೆಯ ಸಂಬಳದ ಶೇಕಡಾ 30. ಸೇವೆಯ ಕಾರಣದಿಂದಲೇ ಆದ ಸಾವಾದರೆ ವಿಶೇಷ ಕುಟುಂಬ ಪೆನ್ಶನ್, ಶೇಕಡಾ 60. ಯುದ್ಧದಲ್ಲಿ ಆದ ಸಾವಾದರೆ ಕೊನೆಯ ಸಂಬಳದಷ್ಟೇ ಪೆನ್ಶನ್. ಹಾಳೆಯ ಮೇಲಿನ ಒಂದು ಶಬ್ದ ಒಂದು ಸಂಸಾರದ ಊಟದ ತಾಟನ್ನೇ ಬದಲಿಸುತ್ತದೆ. ಸಂಶಯವಿದ್ದರೆ ಕಾಗದದ ಪ್ರತಿ ಕೇಳಿ ತರಿಸಿಕೊಳ್ಳಿ, ತಿಳಿದವರಿಂದ ಓದಿಸಿ. ಅಳುತ್ತ ಕೂತು ವರ್ಷ ಕಳೆಯಬೇಡಿ.

ಪದಕಗಳು

ಪದಕದಲ್ಲಿ ಎರಡು ಬಗೆ. ಶೌರ್ಯ ಪದಕ ಅರ್ಜಿ ಹಾಕಿ ಪಡೆಯುವುದಲ್ಲ. ಅದು ಮೇಲಿನವರ ಶಿಫಾರಸಿನಿಂದ ಬಂದು ಸರಕಾರಿ ಗೆಜೆಟ್ಟಿನಲ್ಲಿ ಪ್ರಕಟವಾಗುವಂಥದು. ನಮ್ಮ ಕಾರವಾರ ಕಡೆಯ ರಾಮ ರಾಘೋಬಾ ರಾಣೆ ಅವರು 1948ರ ಎಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾ ರಾಜೌರಿ ದಾರಿಯಲ್ಲಿ ಮೈನುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರಲ್ಲ, ಅದು ಆ ಬಗೆಯದು.

ಇನ್ನೊಂದು, ಒಂದು ಯುದ್ಧದಲ್ಲಿಯೋ ಒಂದು ಅವಧಿಯಲ್ಲಿಯೋ ಸೇವೆಯಲ್ಲಿದ್ದ ಅರ್ಹರಿಗೆಲ್ಲ ಸಲ್ಲುವ ಪದಕ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್. 1972ರಲ್ಲಿ ಸ್ವಾತಂತ್ರ್ಯದ 25ನೆಯ ವರ್ಷದ ಪದಕ. ಪದಕ ಕೈಗೆ ಬರುವ ಮೊದಲೇ ಊರಿಗೆ ಮರಳಿದವರು, ಆಮೇಲೆ ಕೇಳದೆ ಬಿಟ್ಟವರು ಇದ್ದಾರೆ. ಡಿಸ್‌ಚಾರ್ಜ್ ಬುಕ್ಕಿನಲ್ಲಿ ಪದಕಗಳ ಕಾಲಮ್ಮು ಇರುತ್ತದೆ. ಅಲ್ಲಿ ಬರೆದದ್ದು ಮನೆಯಲ್ಲಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ಕೇಳಬಹುದು.

ಮನೆಯಲ್ಲಿ ಪದಕ ಇದ್ದರೆ ಒಂದು ಎಚ್ಚರಿಕೆ. ದೀಪಾವಳಿಗೆ ಹಿತ್ತಾಳೆ ಸಾಮಾನು ತಿಕ್ಕುವಾಗ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದರ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು ಕೊರೆದಿರುತ್ತಾರೆ, ಅಕ್ಷರ ಸವೆಯುತ್ತವೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಹಾಗೆಯೇ ಮೂಲ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಒಣಗಿದ ಬೇವಿನೆಲೆ ಹಾಕಿ ಟ್ರಂಕಿನಲ್ಲಿಡಿ.

ಚಿಗವ್ವನ ಕತೆ ಏನಾಯಿತು ಎನ್ನುತ್ತೀರಾ? ಟ್ರಂಕು ತೆರೆದಾಗ ತಳದಲ್ಲಿ ಕಾಕಾ ಪೆನ್ಶನ್ ಬರುವ ಹೊತ್ತಿಗೆ ತೆಗೆಸಿದ್ದ ಜಂಟಿ ಫೋಟೊ ಸಿಕ್ಕಿತು. ಆಕೆ ಇಳಕಲ್ಲ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಾಳೆ. ಅದೇ ಫೋಟೊ, ಅಫಿಡವಿಟ್, ಊರ ಹಿರಿಯರ ಸಾಕ್ಷಿ ಸೇರಿ ಹದಿನಾಲ್ಕು ತಿಂಗಳ ಮೇಲೆ ಪೆನ್ಶನ್ ಬಾಕಿ ಸಮೇತ ಬಂತು. ಆ ಹದಿನಾಲ್ಕು ತಿಂಗಳು ಆಕೆ ಕೂಲಿಗೆ ಹೋದದ್ದು ನನಗೆ ಗೊತ್ತಿದೆ. ಕಾಕಾ ಇದ್ದಾಗ ಇಬ್ಬರೂ ಕೂತು ಒಂದು ಮಧ್ಯಾಹ್ನ ಈ ಕೆಲಸ ಮಾಡಿದ್ದರೆ ಆ ಕೂಲಿ ತಪ್ಪುತ್ತಿತ್ತು.

ಡಿಸ್‌ಚಾರ್ಜ್ ಬುಕ್ಕಿನಲ್ಲಿ ಸಂಗ್ರಾಮ್ ಮೆಡಲ್ ಎಂದಿತ್ತು, ಟ್ರಂಕಿನಲ್ಲಿ ಇರಲಿಲ್ಲ. ಅದಕ್ಕೂ ಬರೆದೆವು. ಮುಂದೆ ಒಂದು ದಿನ ಟಪಾಲಿನಲ್ಲಿ ಅದೂ ಬಂತು. ಚಿಗವ್ವ ಮೊಮ್ಮಗನನ್ನು ಕರೆದು ಅಂಚಿನ ಅಕ್ಷರ ಓದಿಸಿದಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ಅದನ್ನು ದೇವರ ಜಗಲಿಯ ಮೇಲಿಟ್ಟು, "ಇದರಾಗರ ಹೆಸರು ತಪ್ಪಿಲ್ಲ ನೋಡು" ಎಂದಳು.

ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದರೆ, ನಾಳೆ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಮನೆಯವರನ್ನು ಎದುರು ಕೂಡಿಸಿಕೊಂಡು ಕೀಲಿ ಕೇಳಿ. ನಿಮ್ಮ ಹೆಸರು ಹೇಗೆ ಬರೆದಿದೆ, ನೀವೇ ಓದಿ ನೋಡಿ.