ನಿಮಗಿದು ಗೊತ್ತೆ? ಮೈಸೂರಿಗೆ ಮಧ್ಯಾಹ್ನ 23 ನಿಮಿಷ ತಡ!

ಮೈಸೂರಿನ ದೊಡ್ಡ ಗಡಿಯಾರ ಹನ್ನೆರಡು ತೋರಿಸಿದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ವರ್ಷದ ಸರಾಸರಿ ತೆಗೆದರೆ, ಆತ ಅಲ್ಲಿಗೆ ತಲುಪುವುದು 12 ಗಂಟೆ 23 ನಿಮಿಷಕ್ಕೆ.

ತಪ್ಪು ಗಡಿಯಾರದ್ದಲ್ಲ. ಭಾರತದ ಸಮಯವನ್ನು ಅಳೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷ ಹಿಂದೆ. ಮೈಸೂರಿನವರು ನಿಧಾನಸ್ಥರು ಎಂದು ಛೇಡಿಸುವ ಬೆಂಗಳೂರಿನವರಿಗೂ ಸೂರ್ಯ ಬೇಗ ಬರುವುದಿಲ್ಲ. ಮುನ್ನಡೆ ಬರೀ ನಾಲ್ಕು ನಿಮಿಷ!

ಅತ್ತ ಅಸ್ಸಾಮಿನ ದಿಬ್ರುಗಢದ ಕಥೆ ಉಲ್ಟಾ. ಗಡಿಯಾರ ಅದೇ, ಸೂರ್ಯ ಮಾತ್ರ ಮೈಸೂರಿಗಿಂತ ಸುಮಾರು 73 ನಿಮಿಷ ಮುಂದೆ. ಜೂನ್‌ನಲ್ಲಿ ಅಲ್ಲಿ ಬೆಳಗಾಗುವುದು ನಾಲ್ಕೂಕಾಲರ ಸುಮಾರಿಗೆ. ಮೈಸೂರಿನಲ್ಲಿ ಆರಕ್ಕೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಯೊಳಗೇ ಸೂರ್ಯಾಸ್ತ. ಇಲ್ಲಿ ಆ ಹೊತ್ತಿಗೆ ಮಕ್ಕಳು ಶಾಲೆಯಿಂದ ಮನೆಗೆ ಬಂದು ಬ್ಯಾಗು ಎಸೆದು ಆಟಕ್ಕೆ ಓಡುತ್ತಿರುತ್ತಾರೆ.

ಅಸ್ಸಾಮಿನ ಚಹಾ ತೋಟಗಳು ಇದಕ್ಕೆ ಬ್ರಿಟಿಷರ ಕಾಲದಲ್ಲೇ ಉಪಾಯ ಕಂಡುಕೊಂಡವು. ಅದರ ಹೆಸರು ‘ಬಾಗಾನ್ ಟೈಮ್’, ಅಂದರೆ ತೋಟದ ಸಮಯ. ಭಾರತೀಯ ಕಾಲಮಾನಕ್ಕಿಂತ ಪೂರಾ ಒಂದು ಗಂಟೆ ಮುಂದೆ. ಊರಿನಲ್ಲಿ ಎಂಟಾದರೆ ತೋಟದಲ್ಲಿ ಒಂಬತ್ತು!