ಮಾನಿಟರ್ ಯಾವಾಗ ಕೂಗಬೇಕು?

ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬಾರ್ಬರಾ ಡ್ರೂ ಮತ್ತು ಸಂಗಡಿಗರು ಐದು ಐಸಿಯುಗಳ ಮಾನಿಟರುಗಳು 31 ದಿನಗಳಲ್ಲಿ ಎಬ್ಬಿಸಿದ ಅಲಾರಂಗಳನ್ನೆಲ್ಲ ದಾಖಲಿಸಿಟ್ಟರು. 461 ರೋಗಿಗಳು, 25,58,760 ಅಲಾರಂಗಳು! ಕಿವಿಗೆ ಕೇಳುವಂಥವನ್ನು ಮಾತ್ರ ಹಿಡಿದರೂ ಒಂದು ಹಾಸಿಗೆಗೆ ದಿನಕ್ಕೆ 187. ಅಂದರೆ ಸುಮಾರು ಎಂಟು ನಿಮಿಷಕ್ಕೊಂದು. ಹೃದಯದ ಲಯ ತಪ್ಪಿದೆ ಎಂದು ಕೂಗಿದ 12 ಸಾವಿರಕ್ಕೂ ಹೆಚ್ಚು ಅಲಾರಂಗಳನ್ನು ತಜ್ಞರು ಪರೀಕ್ಷಿಸಿದಾಗ ಶೇ 88.8ರಷ್ಟು ಸುಳ್ಳೆಂದು ತಿಳಿಯಿತು. ಇದು 2014ರಲ್ಲಿ ಪ್ರಕಟವಾದ ಲೆಕ್ಕ.

ಯಂತ್ರ ಕೆಟ್ಟಿರಲಿಲ್ಲ. ರೋಗಿ ಮಗ್ಗುಲು ಬದಲಿಸಿದರೆ, ಎದೆಗೆ ಅಂಟಿಸಿದ ಎಲೆಕ್ಟ್ರೋಡಿನ ಜೆಲ್ ಒಣಗಿದರೆ ಇಸಿಜಿ ಗೆರೆ ಹುಚ್ಚೆದ್ದು ಕುಣಿಯುತ್ತದೆ. ಹಲ್ಲುಜ್ಜುವಾಗ ಕೈ ಆಡುವ ವೇಗವನ್ನೇ ಮಾನಿಟರ್ ಅಪಾಯಕಾರಿ ಹೃದಯಬಡಿತವೆಂದು ಭ್ರಮಿಸುವುದುಂಟು. ಬಿಪಿ ಪಟ್ಟಿ ಕಟ್ಟಿದ ಕೈಯ ಬೆರಳಿಗೇ ಆಮ್ಲಜನಕ ಅಳೆಯುವ ಪ್ರೋಬ್ ಸಿಕ್ಕಿಸಿದ್ದರಂತೂ, ಪಟ್ಟಿ ಉಬ್ಬಿ ರಕ್ತದ ಹರಿವು ತಡೆದಾಗಲೆಲ್ಲ ಗುಲ್ಲು. ಪ್ರೋಬನ್ನು ಆಚೆ ಕೈಗೆ ಹಾಕಿದರೆ ಮುಗಿಯಿತು.

ಇನ್ನೊಂದು ಕಾರಣ ಸೆಟ್ಟಿಂಗಿನದು. ಮಾನಿಟರ್ ಬರುವುದು ಒಂದು ವಯೋವರ್ಗದ ಎಲ್ಲರಿಗೂ ಒಂದೇ ಮಿತಿಯೊಂದಿಗೆ. ಆದರೆ ಓಟಗಾರನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 48 ಸಲ ಬಡಿದರೆ ಅದು ಆರೋಗ್ಯ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ (ಸಿಒಪಿಡಿ) ಇರುವ ಕೆಲವರಲ್ಲಿ ವೈದ್ಯರೇ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು (ಸ್ಯಾಚುರೇಶನ್) ಶೇ 88ರಿಂದ 92ರ ನಡುವೆ ಇಡಬಯಸುತ್ತಾರೆ. ಅಂಥವರ ಹಾಸಿಗೆಯ ಕೆಳಮಿತಿ 90ಕ್ಕೇ ನಿಂತಿದ್ದರೆ, ಚಿಕಿತ್ಸೆ ಸರಿಯಾಗಿ ನಡೆದಾಗಲೂ ಅಲಾರಂ ಕೂಗುತ್ತದೆ.

ಇದು ಬರೀ ಕಿರಿಕಿರಿಯ ಮಾತಲ್ಲ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್‌ಗೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ವರದಿಯಾದವು. ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡವು. ದಿನವಿಡೀ ಸುಳ್ಳು ಕೇಳಿದ ಕಿವಿ ನಿಜಕ್ಕೂ ಓಗೊಡದೆ ಹೋಗುತ್ತದೆ. ನರ್ಸ್‌ಗಳನ್ನು ದೂರುವುದು ಸುಲಭ. ಆದರೆ ತಪ್ಪಿನಲ್ಲಿ ಮೊದಲೇ ಮಿತಿ ನಿಗದಿಪಡಿಸಿದವರ ಪಾಲೂ ಇದೆ.

ಮಾನಿಟರಿನೊಳಗೆ ಎಚ್ಚರಿಕೆಗೂ ದರ್ಜೆಗಳಿವೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಮಿನುಗುವ ಕೆಂಪು ಎಂದರೆ ಕೂಡಲೇ ಓಡಿ ಬನ್ನಿ. ಮಿನುಗುವ ಹಳದಿ ಎಂದರೆ ಬೇಗ ಬನ್ನಿ. ಲೀಡ್ (ಎಲೆಕ್ಟ್ರೋಡಿನ ತಂತಿ) ಕಳಚಿದೆ ಎಂಬಂಥ ತಾಂತ್ರಿಕ ಸೂಚನೆಗಳು ಬೇರೆ. ಮಿತಿ ದಾಟಿದ ಕ್ಷಣಕ್ಕೇ ಕೂಗಬೇಕೋ, ಕೆಲವು ಸೆಕೆಂಡು ಕಾದು ನೋಡಬೇಕೋ ಎಂಬುದನ್ನೂ ಹಲವು ಯಂತ್ರಗಳಲ್ಲಿ ಹೊಂದಿಸಬಹುದು. 2009ರ ಒಂದು ಅಧ್ಯಯನದ ಲೆಕ್ಕದಲ್ಲಿ 14 ಸೆಕೆಂಡು ತಡೆದರೆ ನಿರುಪಯುಕ್ತ ಅಲಾರಂಗಳು ಅರ್ಧಕ್ಕಿಳಿಯುತ್ತವೆ, 19 ಸೆಕೆಂಡು ತಡೆದರೆ ಮೂರರಲ್ಲಿ ಎರಡು ಪಾಲು ಇಲ್ಲವಾಗುತ್ತವೆ. ಹಾಗೆಂದು ಹೃದಯ ನಿಂತಿದ್ದನ್ನು ಹೇಳಲು ಅಷ್ಟು ಹೊತ್ತು ಕಾಯುವಂತಿಲ್ಲ.

ಕೂಗದೆಯೂ ನೆನಪಿಡುವ ದಾರಿಯೊಂದಿದೆ: ಇವೆಂಟ್. ನಿಗದಿತ ಷರತ್ತು ಕೂಡಿಬಂದಾಗ ಮಾನಿಟರ್ ಆ ಗಳಿಗೆಯ ಹಿಂದುಮುಂದಿನ ಗೆರೆಗಳನ್ನೂ ಅಂಕಿಗಳನ್ನೂ ಎತ್ತಿಡುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಘಟಕದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಂಥ ಕೂಸು ಆಗಾಗ ಉಸಿರಾಡುವುದನ್ನೇ ಮರೆಯುತ್ತದೆ. 20 ಸೆಕೆಂಡು ಉಸಿರು ನಿಂತರೆ ಅದು ಗಂಭೀರ. ಅದಕ್ಕಿಂತ ಕಡಿಮೆ ಹೊತ್ತು ನಿಂತರೂ, ಜೊತೆಗೆ ಹೃದಯಬಡಿತವೋ ಸ್ಯಾಚುರೇಶನ್ನೋ ಕುಸಿದಿದ್ದರೆ ಅದೂ ಗಂಭೀರವೇ. ಈ ಮೂರನ್ನೂ ಸೇರಿಸಿ ಷರತ್ತು ಹೂಡಿದರೆ, ರಾತ್ರಿ ಏನೇನಾಯಿತು, ಯಾವುದು ಮೊದಲು ಕುಸಿಯಿತು ಎಂಬುದನ್ನು ವೈದ್ಯರು ಬೆಳಿಗ್ಗೆ ಓದಿಕೊಳ್ಳಬಹುದು. ಆಮ್ಲಜನಕ ಕೊಡುತ್ತಿರುವ ಶಿಶುವಿಗೆ ಸ್ಯಾಚುರೇಶನ್ನಿನ ಮೇಲ್ಮಿತಿಯೂ ಬೇಕೇ ಬೇಕು, ಅತಿಯಾದ ಆಮ್ಲಜನಕ ಎಳೆಯ ರೆಟಿನಾಕ್ಕೆ ಹಾನಿ ಮಾಡಬಲ್ಲದು.

ಮಿತಿಗಳನ್ನು ಸರಿಪಡಿಸಿದರೆ ಗುಲ್ಲು ತಗ್ಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. ಬಾಸ್ಟನ್ ಮೆಡಿಕಲ್ ಸೆಂಟರ್‌ನ ಹೃದ್ರೋಗ ವಾರ್ಡಿನಲ್ಲಿ ಹೃದಯಬಡಿತದ ಕೆಳಮಿತಿಯನ್ನು 45ಕ್ಕೆ ಇಳಿಸಿ ಮೇಲ್ಮಿತಿಯನ್ನು 130ಕ್ಕೆ ಏರಿಸಿದರು. ತಾನಾಗಿಯೇ ಕೂಗಿ ತಾನಾಗಿಯೇ ಅಡಗುತ್ತಿದ್ದ ಎಚ್ಚರಿಕೆಗಳನ್ನು, ನರ್ಸ್ ಬಂದು ನೋಡಿಯೇ ನಿಲ್ಲಿಸಬೇಕಾದ ದರ್ಜೆಗೆ ಸೇರಿಸಿದರು. ರೋಗಿಗೆ ತಕ್ಕಂತೆ ಮಿತಿ ಬದಲಿಸುವ ಅಧಿಕಾರವನ್ನೂ ನರ್ಸ್‌ಗಳಿಗೆ ಕೊಟ್ಟರು. ವಾರಕ್ಕೆ 87,823ರಷ್ಟಿದ್ದ ಸದ್ದಿನ ಅಲಾರಂಗಳು 9,967ಕ್ಕೆ ಇಳಿದವು.

ಆದರೆ ಹೀಗೆ ಒಬ್ಬರಿಗೆಂದು ಬದಲಿಸಿದ ಮಿತಿ ಆ ಹಾಸಿಗೆಗೆ ಬರುವ ಮುಂದಿನವರ ಪಾಲಾಗಬಾರದು. ರೋಗಿ ಹೊರಟಾಗ ಮಾನಿಟರಿನಲ್ಲೂ ಡಿಸ್ಚಾರ್ಜ್ ಒತ್ತಬೇಕು, ಹೊಸಬರು ಬಂದ ಕೂಡಲೇ ಮಿತಿಗಳ ಪರದೆ ತೆರೆದು ನೋಡಬೇಕು.